ಕರಿ ಬಿಳಿ ಹುರಿ

ಮಾರ್ಚಿ ಮುಗಿಯುವವರೆಗೂ ಬಲ್ಖಾಶ್ ಸರೋವರ
ಕಲ್ಲು ಹಾಸಿದ ಅಂಗಳ.
ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಯೊಂದೇ
ಈ ಊರಲ್ಲಿ ಆಗ ಹೊರಗೆ ಆಡುವುದು.
ನಾವು ಒಳಗೆ: ಒಂದು ಕೋಣೆ, ಬಿಸಿನೀರಿನ ಕೊಳವೆ,
ಹನ್ನೊಂದು ಕೂಸುಗಳು, ನಾನು.

ಬಲ್ನೂರ್ ಬಂದಾಗ ಹದಿಮೂರು ತಿಂಗಳು.
ಕೂರಿಸಿದಲ್ಲಿ ಕೂತಿರುತ್ತಿದ್ದಳು, ಹಿಟ್ಟಿನ ಚೀಲದ ಹಾಗೆ.
ಐದನೇ ಮಹಡಿಯ ಮನೆ, ಏನು ಬಿದ್ದರೂ
ಕೆಳಗಿನವರು ಕೋಲಿನಿಂದ ಸೂರು ಕುಟ್ಟುತ್ತಾರೆ,
ಅದಕ್ಕೇ ಸೊಂಟದಿಂದ ಇಳಿಸಿದ್ದೇ ಕಡಿಮೆ,
ಎಂದಳು ಅವಳ ತಾಯಿ ಜನಾರ್,
ಕದ್ದು ಸಿಕ್ಕಿಬಿದ್ದವರ ದನಿಯಲ್ಲಿ.

ನಡಿಗೆಯನ್ನು ಯಾರೂ ಕಲಿಸುವುದಿಲ್ಲ.
ನಾನು ಹಳೇ ಹಾಸಿಗೆ ಪೇರಿಸಿ ಗುಡ್ಡ ಮಾಡಿದೆ.
ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಗೆ
ಎರಡು ಕಡೆ ಬಾಯಿ ಕೊರೆದೆ.
ಉಣ್ಣೆಗಂಬಳಿ ಸುರುಳಿ ಸುತ್ತಿ ದಾರಿಗೆ ಅಡ್ಡ ಇಟ್ಟೆ,
ಅದರಾಚೆ ಒಂದು ಪಾತ್ರೆಯ ಮುಚ್ಚಳ,
ತಿರುಗಿಸಿ ಬಿಟ್ಟರೆ ಗರಗರ ಸುತ್ತಿ
ಕೊನೆಗೆ ನಡುಗಿ ಮಲಗುವಂಥದ್ದು.
ಆಮೇಲೆ ಸುಮ್ಮನೆ ಕೂತೆ.
ಸುಮ್ಮನೆ ಕೂರುವುದೇ ಈ ಕೆಲಸದಲ್ಲಿ ಕಷ್ಟ.

ಆರು ದಿನ ಮುಚ್ಚಳವನ್ನು ನೋಡಿದಳು, ಬರೀ ನೋಡಿದಳು.
ಏಳನೆಯ ದಿನ ಬೋರಲಾದಳು.
ಹೊಟ್ಟೆ ಎಳೆದಳು, ಮಂಡಿ ಕಂಡುಕೊಂಡಳು,
ಕಂಬಳಿ ಹತ್ತಿ ಆಚೆ ಮಗುಚಿದಳು,
ಮುಚ್ಚಳ ಸಿಕ್ಕಿತು; ಬೇಡವಾಯಿತು;
ಮತ್ತೆ ಕಂಬಳಿಯೇ ಬೇಕಾಯಿತು.
ಪೆಟ್ಟಿಗೆಯ ಒಂದು ಬಾಯಿಂದ ಹೊಕ್ಕು
ಇನ್ನೊಂದರಿಂದ ತಲೆ ಹಾಕಿ ನಕ್ಕಳು,
ಅಲ್ಲಿ ಬೇರೆಯೇ ಊರು ಇದ್ದ ಹಾಗೆ.
ಗುಡ್ಡದಿಂದ ಬಿದ್ದಳು. ಓಡಿ ಹೋಗಲಿಲ್ಲ ನಾನು.
ಓಡಲಾರೆ ಕೂಡ.

ಎಡಗಾಲು ಎರಡು ಬೆರಳು ಗಿಡ್ಡ, ನಾಲ್ಕನೇ ವಯಸ್ಸಿನಿಂದ.
ನಾನು ಕಿಟಕಿಗೆ ಹೊರಟರೆ
ನಡೆಯಬಲ್ಲವರೆಲ್ಲ ಹಿಂದೆ ಸಾಲಾಗಿ ಕುಂಟುತ್ತ ಬರುತ್ತಾರೆ,
ಬಾತಿನ ಹಿಂದೆ ಮರಿ ಬಂದಂತೆ.
ಒಬ್ಬ ತಾಯಿ ಮಗನನ್ನು ಮೂಳೆ ಡಾಕ್ಟರಿಗೂ ತೋರಿಸಿ ಬಂದಳು.

ಮೇ ತಿಂಗಳು. ಮಂಜು ಒಡೆದ ದಂಡೆ, ಬಿಳಿ ಬಟ್ಟೆ ಹಾಸಿದ್ದರು.
ಬಲ್ನೂರಳ ಎರಡೂ ಕಾಲು ಸೇರಿಸಿ
ಕರಿ ಬಿಳಿ ಉಣ್ಣೆಯ ಹುರಿ ಕಟ್ಟಿದ್ದರು.
ಅದನ್ನು ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆ,
ಅದು ನಮ್ಮ ಹಿರಿಯರ ಮಾತು.
ಜನಾರ್ ಕತ್ತರಿ ತಂದು ನನ್ನ ಕೈಗಿಟ್ಟಳು.

ಚಹಾದ ಬಟ್ಟಲುಗಳು ಅಲ್ಲಲ್ಲೇ ನಿಂತವು.
ಅಜ್ಜಿ ಕಮ್ಶಾತ್ ಗಂಟಲು ಸರಿಮಾಡಿಕೊಂಡರು:
"ರೌಶಾನ್ ಚಿನ್ನದಂಥವಳು, ಯಾರು ಇಲ್ಲ ಅಂದರು?
ಆದರೆ ಅಕ್‌ಬೋತಾ ಬಂದಿದ್ದಾಳಲ್ಲ,
ಜಿಲ್ಲೆಗೇ ನಾನೂರು ಮೀಟರಿನಲ್ಲಿ ಎರಡನೆಯವಳು."
"ನನ್ನ ಮಗಳು ಬಿದ್ದು ಏಳುವುದನ್ನು ಅಕ್‌ಬೋತಾ ಕಂಡಿದ್ದಾಳೆಯೇ?"
ಜನಾರ್‌ಗೆ ಅಷ್ಟು ಗಟ್ಟಿ ದನಿ ಇದೆಯೆಂದು
ನನಗೆ ಗೊತ್ತಿರಲಿಲ್ಲ. ಅಕ್‌ಬೋತಾ ಪಾಪ
ಬೂಟಿನ ತುದಿ ನೋಡುತ್ತಿದ್ದಳು.
ನಾನು ಕತ್ತರಿಯನ್ನು ತಟ್ಟೆಯ ಮೇಲಿಟ್ಟೆ.
ಯಾರೋ ತೆಗೆದು ಮತ್ತೆ ನನಗೇ ಕೊಟ್ಟರು.
ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ
ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಈ ಗದ್ದಲದಲ್ಲಿ ಕೂಸು ಕುಕ್ಕರಿಸಿ ಕೂತಿತ್ತು.
ಒಂದು ಪಾದ ಎಳೆಯಿತು. ಇನ್ನೊಂದು.
ಎರಡು ಪುಟ್ಟ ಬೂಟು, ನಡುವೆ ಹುರಿ,
ಗಂಟು ಕೂಡ ಸಡಿಲಾಗದೆ ಬಟ್ಟೆಯ ಮೇಲೆ ಉಳಿದವು.
ಮೊದಲು ಅಂಗೈ ನೆಲಕ್ಕೆ, ಆಮೇಲೆ ಅಂಡು ಮೇಲಕ್ಕೆ,
ಕೊನೆಗೆ ತಲೆ, ಹಾಸಿಗೆಯ ಗುಡ್ಡದಲ್ಲಿ
ತಾನೇ ಕಂಡುಹಿಡಿದ ಕ್ರಮ.
ಬರಿಗಾಲಲ್ಲಿ ಮರಳದಿಬ್ಬ ಹತ್ತಿದಳು.
ಜಾರಿದಳು. ಹತ್ತಿದಳು.

ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ
ಕಮ್ಶಾತ್ ಅಜ್ಜಿ ಕಣ್ಣು ಕಿರಿದಾಗಿಸಿ ನನ್ನತ್ತ ಬಾಗಿದರು:
"ನೋಡಿದೆಯಾ? ಎಡಗಾಲು ಹಾಕುವಾಗ
ಒಂಚೂರು ತಗ್ಗುತ್ತಾಳೆ."

ಮರಳು ಸಡಿಲ ಅಜ್ಜಿ, ಎಂದೆ.
ಕತ್ತರಿ ಇನ್ನೂ ನನ್ನ ಕೈಯಲ್ಲಿತ್ತು.